ಮೊಗಸಾಲೆಯ ಮೂರನೆಯ ಕಂಬ

ನಾನು ಭಾನುವಾರ ತಪ್ಪದೆ ಇಗರ್ಜಿಗೆ ಹೋದ ಮನುಷ್ಯ. ಆದರೆ ಪೂಜೆಯನ್ನು ನೋಡಿದವನಲ್ಲ, ಕೇಳಿದವ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಒಳಗೆ ಕಳಿಸಿ ಮೊಗಸಾಲೆಯಲ್ಲಿ ನಿಂತವ, ಮಕ್ಕಳ ಮದುವೆ ಮುಗಿದರೂ ಅಲ್ಲೇ ನಿಂತಿದ್ದೆ. ನಮ್ಮಲ್ಲಿಗೆ ಬಂದುಹೋದ ವಿಗಾರರನ್ನೆಲ್ಲ ನಾನು ಸ್ವರದಿಂದಲೇ ಗುರುತಿಸಬಲ್ಲೆ. ಪೇಟೆಯಲ್ಲಿ ಎದುರು ಸಿಕ್ಕಿದರೆ ಮಾತ್ರ ಒಮ್ಮೊಮ್ಮೆ ಅನುಮಾನವಾಗುತ್ತಿತ್ತು.

ವಿಗಾರರು ಎಂದರೆ ಇಗರ್ಜಿಯ ಯಜಮಾನಿಕೆ ಇರುವ ಪಾದ್ರಿಗಳು. ಕೆಲವು ವರ್ಷಕ್ಕೊಮ್ಮೆ ಬಿಷಪರು ಅವರನ್ನು ವರ್ಗ ಮಾಡುತ್ತಾರೆ. ನಮ್ಮನ್ನು ಯಾರೂ ವರ್ಗ ಮಾಡುವುದಿಲ್ಲ. ಪಾದ್ರಿಗಳಿಗೂ ನಮಗೂ ನಡೆಯುವ ಎಲ್ಲ ಜಗಳಗಳ ಮೂಲ ಈ ಒಂದು ವ್ಯತ್ಯಾಸದಲ್ಲಿ ಉಂಟು ಎಂದು ನನ್ನ ಅಭಿಪ್ರಾಯ. ಅವರು ಬರುವಾಗ ಇಗರ್ಜಿ ಹೊಸತು. ನಾವು ಹುಟ್ಟುವಾಗಲೇ ಅದು ಹಳತು.

ನಮ್ಮ ಇಗರ್ಜಿ ಇರುವುದು ವೇಣೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಿಂದ ಒಳಗೆ, ಒಂದು ಗುಡ್ಡದ ನೆತ್ತಿಯಲ್ಲಿ. ದೊಡ್ಡ ಬಾಗಿಲಿನ ಎದುರು ಹಂಚಿನ ಮಾಡಿನ ಮೊಗಸಾಲೆ, ಕೈಯಲ್ಲಿ ತಬ್ಬಿದರೆ ಸಿಗದಷ್ಟು ದಪ್ಪದ ಕಂಬಗಳು, ಕಾವಿ ಸಾರಣೆಯ ನೆಲ. ಪೂಜೆಯ ಹೊತ್ತಿಗೆ ಹೆಂಗಸರು, ಮಕ್ಕಳು, ಸಜ್ಜನರು ಒಳಗೆ. ಉಳಿದ ಗಂಡಸರು ಮೊಗಸಾಲೆಯಲ್ಲಿ. ಈ ಪದ್ಧತಿಯನ್ನು ಯಾವ ಪೋಪರೂ ಜಾರಿಗೆ ತಂದದ್ದಲ್ಲ. ಆದರೂ ಜಾರಿಯಲ್ಲಿತ್ತು.

ಮೊಗಸಾಲೆಗೆ ಅದರದ್ದೇ ಶಿಸ್ತು ಇತ್ತು. ಸುವಾರ್ತೆ ಓದುವಾಗ ಮಾತು ನಿಲ್ಲಬೇಕು. ಪ್ರವಚನದ ಹೊತ್ತಿಗೆ ಪಿಸುಮಾತಿಗೆ ಅವಕಾಶ ಉಂಟು. ಪ್ರವಚನ ತೀರಾ ಉದ್ದವಾದರೆ ಅಂಗಳದ ಬದಿಗೆ ಹೋಗಿ ಬೀಡಿ ಸೇದಬಹುದು. ಗಂಟೆ ಬಾರಿಸಿದ ಕೂಡಲೇ ಮೊಣಕಾಲೂರಬೇಕು, ಕರವಸ್ತ್ರ ಹಾಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅಡಿಕೆಗೆ ಔಷಧಿ ಬಿಡುವ ಜನ ಸಿಗುತ್ತಿದ್ದುದು ಅಲ್ಲಿ, ದನ ಕೊಡುವವರು ತೆಗೆದುಕೊಳ್ಳುವವರು ಒಂದಾಗುತ್ತಿದ್ದುದು ಅಲ್ಲಿ. ನನ್ನ ಮಗಳಿಗೆ ಗಂಡು ಗೊತ್ತಾದದ್ದೂ ಅಲ್ಲೇ, ಒಂದು ಉದ್ದದ ಪ್ರವಚನದ ಕೃಪೆಯಿಂದ. ಆ ಪ್ರವಚನ ಯಾವುದರ ಬಗ್ಗೆ ಇತ್ತೋ ತಿಳಿಯದು. ಸಂಸಾರ ಮಾತ್ರ ಚೆನ್ನಾಗಿ ಉಂಟು.

ಈಗ ಮೂರನೆಯ ಕಂಬದ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಿಲ್ಲುತ್ತಿದ್ದವ ಪಂಪ್‌ಸೆಟ್ ರಿಪೇರಿ ಮಾಡುವವ. ಊರಲ್ಲಿ ಎಲ್ಲರೂ ಪಂಪಿನವ ಎಂದೇ ಕರೆಯುವುದು. ಪ್ರಾಯದಲ್ಲಿ ಅವ ಬಿಲ್ಲವರ ಹುಡುಗಿಯೊಬ್ಬಳನ್ನು ಇಷ್ಟಪಟ್ಟು, ಬೆಳ್ತಂಗಡಿಗೆ ಹೋಗಿ, ರಿಜಿಸ್ಟರ್ ಮದುವೆಯಾಗಿ ಬಂದ. ಅವಳು ಅವಳ ದೇವರನ್ನು ಬಿಡಲಿಲ್ಲ, ಇವ ಇಗರ್ಜಿಯನ್ನು ಬಿಡಲಿಲ್ಲ. ಆದರೆ ಇಗರ್ಜಿಯಲ್ಲಿ ಆಗದ ಮದುವೆ ಇಗರ್ಜಿಯ ಲೆಕ್ಕಕ್ಕೆ ಮದುವೆಯಲ್ಲ. ಹಾಗಾಗಿ ಅವನಿಗೆ ಪರಮಪ್ರಸಾದ, ಎಂದರೆ ಪೂಜೆಯ ಕೊನೆಗೆ ಪಾದ್ರಿಗಳು ಕ್ರಿಸ್ತನ ಶರೀರ ಎಂದು ಕೊಡುವ ರೊಟ್ಟಿಯ ಬಿಲ್ಲೆ, ಇಲ್ಲ. ಪೂಜೆಗೆ ಬರಬಹುದು, ಪ್ರಾರ್ಥಿಸಬಹುದು, ಇಗರ್ಜಿಯ ಬಾವಿಯ ಪಂಪು ಕೆಟ್ಟರೆ ಸರಿಮಾಡಬಹುದು. ಬಲಿಪೀಠದ ಎದುರು ನಾಲಗೆ ಚಾಚುವ ಹಾಗಿಲ್ಲ.

ಒಳಗೆ ಬೆಂಚಿನಲ್ಲಿ ಕೂತಿದ್ದರೆ ಇದು ಪ್ರತಿ ಭಾನುವಾರ ಇಡೀ ಊರಿಗೆ ಕಾಣುತ್ತಿತ್ತು. ಅಕ್ಕಪಕ್ಕದವರು ಎದ್ದು ಹೋಗಿ, ಕೈಮುಗಿದು, ತಿರುಗಿ ಬರುವಷ್ಟು ಹೊತ್ತು ಒಬ್ಬನೇ ಕೂತಿರಬೇಕಿತ್ತು. ಮೊಗಸಾಲೆಯಲ್ಲಿ ಆ ಕಷ್ಟ ಇರಲಿಲ್ಲ. ಪರಮಪ್ರಸಾದದ ಹೊತ್ತಿಗೆ ನಾವೆಲ್ಲ ಬಸ್ಸಿಗೆ ನುಗ್ಗಿದ ಹಾಗೆ ದೊಡ್ಡ ಬಾಗಿಲಲ್ಲಿ ನುಗ್ಗಿ ಬದಿಯ ಬಾಗಿಲಲ್ಲಿ ಹೊರಬೀಳುತ್ತಿದ್ದೆವು. ಆ ಗಲಾಟೆಯಲ್ಲಿ ಯಾರು ಹೋದ, ಯಾರು ಕಂಬದ ಹತ್ತಿರವೇ ಉಳಿದ ಎಂದು ನೋಡಲಿಕ್ಕೆ ಪುರುಸೊತ್ತು ಯಾರಿಗೆ? ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ. ಮೊಗಸಾಲೆ ಒಂದಿಲ್ಲದಿದ್ದರೆ ಆ ಮನುಷ್ಯನಿಗೆ ಇಗರ್ಜಿಯೇ ಇಲ್ಲ. ವಿಷಯ ಇಷ್ಟೇ.

ಹೀಗಿರಲಾಗಿ ನಮಗೆ ಹೊಸ ವಿಗಾರರು ಬಂದರು. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ, ಸ್ಪಷ್ಟ ಉಚ್ಚಾರ, ಹೊರದೇಶದಲ್ಲಿ ಕಲಿತು ತಂದ ಸಮಯಪಾಲನೆ. ಮೊದಲ ತಿಂಗಳಲ್ಲೇ ಒಳಗಿನವರನ್ನು ಸಾಲಿಗೆ ತಂದರು. ಎದೆಗೆ ಬ್ಯಾಡ್ಜು ಸಿಕ್ಕಿಸಿದ ಸ್ವಯಂಸೇವಕರು ಒಂದೊಂದೇ ಬೆಂಚಿನ ಹತ್ತಿರ ನಿಂತು ಕೈಸನ್ನೆ ಮಾಡಿದ ಮೇಲೆಯೇ ಆ ಬೆಂಚಿನವರು ಪರಮಪ್ರಸಾದಕ್ಕೆ ಏಳಬೇಕು. ಆಮೇಲೆ ವಿಗಾರರ ದೃಷ್ಟಿ ಹೊರಗೆ ಬಿತ್ತು.

ಒಂದು ಭಾನುವಾರ ಪ್ರವಚನದ ನಡುವೆ ಸ್ಪೀಕರಿನಲ್ಲಿ ಕೇಳಿಸಿತು: "ಕೆಲವರು ಇಗರ್ಜಿಗೆ ಬರ್ತಾರೆ, ಆದರೆ ದೇವರ ಮನೆಯ ಹೊಸ್ತಿಲು ದಾಟುವುದಿಲ್ಲ. ಮದುವೆ ಮನೆಗೆ ಹೋಗಿ ಗೇಟಿನಲ್ಲೇ ನಿಂತು ಬರ್ತೀರಾ ನೀವು?"

ನನ್ನ ಪಕ್ಕದವ ಗೊಣಗಿದ: "ಮದುವೆ ಮನೆಯಲ್ಲಿ ಊಟ ಉಂಟು ಮಾರಾಯ."

ಇಲ್ಲಿ ನಾನು ಕೊಡುವ ಮಾತುಗಳಲ್ಲಿ ಹೆಚ್ಚಿನವು ಆಡಿದ್ದು ಕೊಂಕಣಿಯಲ್ಲಿ, ಕೆಲವು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಸೋರಿಹೋಗಿದೆ. ಓದುವವರು ಬೇಕಾದಷ್ಟು ಹಾಕಿಕೊಳ್ಳಬೇಕು.

ಮುಂದಿನ ವಾರ ಮೊಗಸಾಲೆಯ ಸ್ಪೀಕರು ಮಾಯವಾಯಿತು. ನಾವು ಬಾಗಿಲ ಹತ್ತಿರಕ್ಕೆ ಸರಿದೆವು. ಅದರ ಮುಂದಿನ ವಾರ ಸುವಾರ್ತೆಗೆ ಮೊದಲೇ ದೊಡ್ಡ ಬಾಗಿಲಿನ ಒಂದು ರೆಕ್ಕೆ ಮುಚ್ಚಿತು. ನಾವು ಇನ್ನೊಂದು ರೆಕ್ಕೆಯ ಹತ್ತಿರ ನಿಂತೆವು. ಪ್ರಾರ್ಥನೆಗೆ ಉತ್ತರ ಕೊಡುವಾಗ ಮೊದಲೆಂದೂ ಇಲ್ಲದಷ್ಟು ಗಟ್ಟಿಯಾಗಿ ಕೊಟ್ಟೆವು. ನಮ್ಮ ಭಕ್ತಿ ಅಷ್ಟು ಎತ್ತರಕ್ಕೆ ಏರಿದ್ದು ಆ ಎರಡು ತಿಂಗಳಲ್ಲಿ ಮಾತ್ರ. ಅದರ ಪುಣ್ಯ ವಿಗಾರರಿಗೇ ಸಲ್ಲಬೇಕು.

ಕೊನೆಗೆ ಪಾಲನಾ ಮಂಡಳಿಯ ಸಭೆ ಕರೆದರು. ನಾನು ನಮ್ಮ ವಾಳೆಯ, ಎಂದರೆ ಹತ್ತಿರ ಹತ್ತಿರದ ಮನೆಗಳ ಗುಂಪಿನ, ಮುಖ್ಯಸ್ಥ, ಗುರ್ಕಾರ. ಹಾಗಾಗಿ ಸಭೆಯಲ್ಲಿ ನನಗೊಂದು ಕುರ್ಚಿ ಇತ್ತು.

"ಮೊಗಸಾಲೆಗೆ ಮೂರು ಬದಿಯಿಂದಲೂ ಗಾಜು ಹಾಕುವ," ಎಂದರು ವಿಗಾರರು. "ಒಂದು ಬಾಗಿಲಿಡುವ. ಆರಾಧನೆಯ ಕೋಣೆ ಮಾಡುವ. ಇಡೀ ದಿನ ಯಾರು ಬೇಕಾದರೂ ಬಂದು ಮೌನವಾಗಿ ಕೂತುಕೊಳ್ಳಬಹುದು. ಎಸಿಯೂ ಹಾಕಬಹುದು."

ಎಸಿ ಎಂದ ಕೂಡಲೇ ಸಭೆಯ ಅರ್ಧ ಭಾಗಕ್ಕೆ ಆರಾಧನೆಯ ಬಯಕೆ ಹುಟ್ಟಿತು.

ನಾನು ಎದ್ದು ನಿಂತೆ. "ಫಾದರ್, ಮಳೆಗಾಲದಲ್ಲಿ ಕೊಡೆ ಎಲ್ಲಿಡುವುದು?"

"ಅದಕ್ಕೊಂದು ಸ್ಟ್ಯಾಂಡ್ ಮಾಡಿಸುವ."

"ಕೂಗುವ ಮಕ್ಕಳನ್ನು ಎತ್ತಿಕೊಂಡು ಎಲ್ಲಿಗೆ ಬರುವುದು?"

"ಅಂಗಳ ಉಂಟಲ್ಲ."

"ಶವದ ಪೆಟ್ಟಿಗೆ? ಅದನ್ನು ಇಳಿಸಿ ನೀವು ತೀರ್ಥ ಚಿಮುಕಿಸುವುದು ಮೊಗಸಾಲೆಯಲ್ಲಿ."

"ಬದಿಯ ಬಾಗಿಲಲ್ಲಿ ಇಳಿಸುವ. ನಿಮಗೆ ಅದರದ್ದು ಅರ್ಜೆಂಟ್ ಇಲ್ಲವಲ್ಲ ಗುರ್ಕಾರರೇ?"

ಸಭೆ ನಕ್ಕಿತು. ನನ್ನ ವಾಳೆಯವರೇ ಎಲ್ಲರಿಗಿಂತ ಹೆಚ್ಚು ನಕ್ಕರು.

ವಿಗಾರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಜ ಹೇಳಿ. ನಿಮಗೆ ಒಳಗೆ ಬರ್ಲಿಕ್ಕೆ ಎಂತ ತೊಂದರೆ? ಕಾಲುನೋವಾ? ಬೆಂಚು ಚುಚ್ಚುತ್ತದಾ? ಅಥವಾ ನಾನು ಚುಚ್ಚುತ್ತೇನಾ?"

ಉತ್ತರ ನನ್ನ ಬಾಯಿಯೊಳಗೇ ಇತ್ತು. ಆದರೆ ಅದನ್ನು ಹೇಳಿದರೆ, ಯಾವುದನ್ನು ಇಷ್ಟು ವರ್ಷ ಮೊಗಸಾಲೆ ಮುಚ್ಚಿಟ್ಟಿತ್ತೋ ಅದನ್ನೇ ಸಭೆಯ ನಡುವೆ ಬಿಚ್ಚಿದ ಹಾಗೆ. ಪಂಪಿನವನ ಮಾನ ಉಳಿಸಲಿಕ್ಕೆ ಪಂಪಿನವನ ಹೆಸರೆತ್ತಬೇಕು. ಇಂಥ ವ್ಯಾಜ್ಯವನ್ನು ಗೆಲ್ಲುವ ವಕೀಲ ಇನ್ನೂ ಹುಟ್ಟಿಲ್ಲ. ನಾನು ಹೇಳಿದೆ: "ಒಳಗೆ ಸೆಕೆ, ಫಾದರ್."

"ಇಲ್ಲಿಗಿಂತ ಹೆಚ್ಚು ಸೆಕೆಯ ಜಾಗ ಒಂದು ಉಂಟು," ಎಂದರು ವಿಗಾರರು. "ಅಲ್ಲಿ ಮೊಗಸಾಲೆ ಇಲ್ಲ."

ಮತ್ತೆ ನಗು. ಊರಹಬ್ಬ ಕಳೆದ ಮೇಲೆ ಗಾಜಿನ ಕೆಲಸ ಶುರು ಎಂದು ತೀರ್ಮಾನವಾಯಿತು. ಕೈ ಎತ್ತದೆ ಉಳಿದವ ನಾನೊಬ್ಬ.

ಗೆದ್ದವರಿಗೆ ಔದಾರ್ಯ ಬರುತ್ತದೆ. ವಿಗಾರರಿಗೂ ಬಂತು. ಮುಂದಿನ ಭಾನುವಾರ ಪರಮಪ್ರಸಾದದ ಹೊತ್ತಿಗೆ ನಾವು ನುಗ್ಗಲು ಸಿದ್ಧರಾಗಿ ನಿಂತಿದ್ದೆವು. ಅಷ್ಟರಲ್ಲಿ ಒಳಗಿನ ಹಾಡು ಹತ್ತಿರ ಬಂದ ಹಾಗಾಯಿತು. ನೋಡಿದರೆ ವಿಗಾರರೇ, ಕೈಯಲ್ಲಿ ಪರಮಪ್ರಸಾದದ ಪಾತ್ರೆ ಹಿಡಿದು, ನಡುವಿನ ದಾರಿಯಲ್ಲಿ ಇಳಿದು ಬರುತ್ತಿದ್ದಾರೆ. ಹಿಂದೆ ಬ್ಯಾಡ್ಜಿನವರು. ಅವರ ಹಿಂದೆ ಬೆಂಚುಗಳಲ್ಲಿ ಇಡೀ ಇಗರ್ಜಿ ಕುತ್ತಿಗೆ ತಿರುಗಿಸಿ ಕೂತಿದೆ.

"ನೀವು ಒಳಗೆ ಬರುವುದಿಲ್ಲವಾದರೆ ಕ್ರಿಸ್ತನೇ ನಿಮ್ಮ ಹತ್ತಿರ ಬರ್ತಾನೆ," ಎಂದರು. ಮುಖದಲ್ಲಿ ನಗು ಇತ್ತು. ಅವರು ಅದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು ಎಂದು ನಾನು ಈಗಲೂ ನಂಬುತ್ತೇನೆ. ಅವರ ಮೇಲಿನ ನನ್ನ ಸಿಟ್ಟು ಕಡಿಮೆಯಾಗದಿರಲಿಕ್ಕೆ ಅದೂ ಒಂದು ಕಾರಣ.

ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಮೊದಲ ಕಂಬದವನಿಗೆ ಕೊಟ್ಟರು. ಎರಡನೆಯ ಕಂಬದವನಿಗೆ ಕೊಟ್ಟರು. ನನಗೆ ಕೊಟ್ಟರು. ಮೂರನೆಯ ಕಂಬಕ್ಕೆ ಬಂದರು.

"ಕ್ರಿಸ್ತನ ಶರೀರ."

ಪಂಪಿನವ ಕೈ ಕಟ್ಟಿಕೊಂಡು ತಲೆ ಅಲ್ಲಾಡಿಸಿದ.

ವಿಗಾರರಿಗೆ ಅರ್ಥವಾಗಲಿಲ್ಲ. ನಮ್ಮ ಊರಿನವರು ಹೊಸ ವಿಗಾರರ ಕಿವಿಗೆ ಹಾಕದೆ ಬಿಟ್ಟ ವಿಷಯ ಎಂಬುದು ಇಲ್ಲ. ಯಾರ ಮನೆಯಲ್ಲಿ ಯಾರ ಹತ್ತಿರ ಯಾರು ಮಾತಾಡುವುದಿಲ್ಲ ಎಂಬುದು ಅವರ ಪೆಟ್ಟಿಗೆ ಬಿಚ್ಚುವ ಮೊದಲೇ ಅವರಿಗೆ ತಲುಪಿರುತ್ತದೆ. ಇದೊಂದನ್ನು ಮಾತ್ರ ಯಾರೂ ಹೇಳಿರಲಿಲ್ಲ. ನಾವು ಒಳ್ಳೆಯವರಾಗಿದ್ದದ್ದು ಅದೊಂದು ವಿಷಯದಲ್ಲಿ, ಅದೇ ಮುಳುವಾಯಿತು.

"ಕ್ರಿಸ್ತನ ಶರೀರ," ಎಂದರು ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಕಿವಿ ಮಂದ ಇರುವವರಿಗೆ ಹೇಳುವ ಹಾಗೆ.

"ನನಗೆ ಆಗುವುದಿಲ್ಲ ಫಾದರ್."

"ಪಾಪನಿವೇದನೆ ಆಗಲಿಲ್ಲವಾ? ಪೂಜೆ ಆದ ಕೂಡಲೇ ಬನ್ನಿ, ನಾನೇ ಕೇಳ್ತೇನೆ. ಅಷ್ಟು ದೊಡ್ಡ ಪಾಪ ಎಂತ ಮಾಡಿದ್ದೀರಿ ನೀವು?"

ಬ್ಯಾಡ್ಜಿನವನೊಬ್ಬ ನಕ್ಕ. ಒಳಗಿನ ಹಾಡು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಒಂದೇ ಸಾಲನ್ನು ಪುನಃ ಹಿಡಿಯಿತು. ಪಂಪಿನವ ಶಿಲುಬೆಯ ಗುರುತು ಹಾಕಿ, ಮೆಟ್ಟಿಲಿಳಿದು, ಅಂಗಳ ದಾಟಿದ. ಅವನ ಸ್ಕೂಟರು ಎಂದಿಗೂ ಒಂದೇ ಒದೆತಕ್ಕೆ ಶುರುವಾಗುವುದಲ್ಲ. ಅವ ಒದೆಯುತ್ತಿದ್ದದ್ದನ್ನು ಇಡೀ ಇಗರ್ಜಿ ಕೇಳಿಸಿಕೊಂಡಿತು.

ಪೂಜೆ ಮುಗಿದ ಮೇಲೆ ನಾನು ವಿಗಾರರ ಬಂಗ್ಲೆಗೆ ಹೋದೆ. ಅಷ್ಟರೊಳಗೆ ಯಾರೋ ಅವರಿಗೆ ಹೇಳಿದ್ದರು. ಮುಖ ಬಿಳಿಚಿತ್ತು, ಆದರೆ ಸ್ವರ ಬಗ್ಗಿರಲಿಲ್ಲ.

"ನನಗೆ ಯಾರೂ ಹೇಳಲಿಲ್ಲ," ಎಂದರು.

"ನೀವು ಯಾರನ್ನೂ ಕೇಳಲಿಲ್ಲ."

"ಮೊನ್ನೆ ಸಭೆಯಲ್ಲಿ ಬಾಯಿಬಿಟ್ಟು ಕೇಳಿದೆ. ಸೆಕೆ ಅಂದ್ರಿ."

ನಾನು ಮಾತು ತಿರುಗಿಸಿದೆ: "ಹಿಂದಿನವರು ಯಾರೂ ಹೀಗೆ ಹೊರಗೆ ಬಂದು ಹಿಡಿಯಲಿಲ್ಲ, ಫಾದರ್."

"ಹಿಂದಿನವರು ಆ ಮನುಷ್ಯನನ್ನು ಕಂಬಕ್ಕೆ ಒರಗಿಸಿಟ್ಟು ವರ್ಗವಾಗಿ ಹೋದರು. ನೀವದನ್ನು ದಯೆ ಅಂತೀರಿ." ಅವರು ನಿಲುವಂಗಿಯ ಗುಂಡಿ ಬಿಚ್ಚುತ್ತಿದ್ದರು. "ಅವನನ್ನು ಒಳಗೆ ತರಲಿಕ್ಕೆ ದಾರಿ ಉಂಟು. ಹೆಂಡತಿ ಮತ ಬದಲಿಸುವುದೂ ಬೇಡ. ಬಿಷಪರ ಅನುಮತಿ ನಾನು ತರಿಸ್ತೇನೆ. ಇಲ್ಲಿ ನನ್ನ ಎದುರು ಇಬ್ಬರು ಸಾಕ್ಷಿ ಇಟ್ಟುಕೊಂಡು ಮದುವೆಯ ಮಾತು ಹೇಳಿದರೆ ಆಯಿತು. ಹತ್ತು ನಿಮಿಷದ ಕೆಲಸ. ನಾನು ಅವನನ್ನು ಒಳಗೆ ಕರೀಲಿಕ್ಕೆ ನೋಡ್ತೇನೆ, ನೀವು ಹೊರಗೇ ಇಟ್ಟುಕೊಳ್ಳಲಿಕ್ಕೆ ನೋಡ್ತೀರಿ. ನಮ್ಮಿಬ್ಬರಲ್ಲಿ ಕಟುಕ ಯಾರು?"

ಪ್ರಶ್ನೆ ನ್ಯಾಯದ್ದೇ ಆದ್ದರಿಂದ ಸಿಟ್ಟು ಇನ್ನೂ ಏರಿತು. ಗುರ್ಕಾರಿಕೆ ಬೇರೆ ಯಾರಿಗಾದರೂ ಕೊಡಿ ಎಂದು ಹೇಳಿ ಹೊರಬಿದ್ದೆ. ಅವರು ಬೇಡ ಎನ್ನಲಿಲ್ಲ.

ಆದರೂ ಹತ್ತು ನಿಮಿಷದ ಮಾತನ್ನು ತಲುಪಿಸುವುದು ನನ್ನ ಕರ್ತವ್ಯ ಎಂದು ಆ ಸಂಜೆ ಪಂಪಿನವನ ಮನೆಗೆ ಹೋದೆ. ಅವ ಜಗಲಿಯಲ್ಲಿ ಒಂದು ಮೋಟರು ಬಿಚ್ಚಿ ಹರಡಿಕೊಂಡು ಕೂತಿದ್ದ. ನಾನು ಹೇಳಿ ಮುಗಿಸುವವರೆಗೆ ತಲೆ ಎತ್ತಲಿಲ್ಲ. ಉತ್ತರ ಒಳಗಿನಿಂದ ಬಂತು. ಅವನ ಹೆಂಡತಿ ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಾಳೆ. ತುಳುವಿನವರು ನಮ್ಮ ಗಂಡಸರನ್ನೆಲ್ಲ ಕರೆಯುವುದು ಹಾಗೆಯೇ.

"ಹತ್ತು ನಿಮಿಷವಾ ಪೊರ್ಬುಗಳೇ?" ಎಂದಳು, ಚಾದ ಲೋಟ ಹಿಡಿದು ಬಾಗಿಲಿಗೆ ಬಂದು. "ಅಷ್ಟರಲ್ಲಿ ನನಗೆ ಸೀರೆ ಉಟ್ಟು ಆಗುವುದಿಲ್ಲ."

"ನೀನು ಅಲ್ಲಿ ಬಂದು ನಿಂತರೆ ಸಾಕಂತೆ."

"ನಿಲ್ಲಲಿಕ್ಕೆ ನನಗೆ ಎಂತ ಕಷ್ಟ? ಆದರೆ ಒಂದು ಕೇಳಿ ಬನ್ನಿ. ಈಗ ಮದುವೆ ಆಗುವುದಾದರೆ, ಇಷ್ಟು ವರ್ಷ ನಾನು ಯಾರ ಮನೆಯಲ್ಲಿ ಅನ್ನ ಬೇಯಿಸಿದ್ದು? ಇವರ ತಾಯಿಯ ಮಲಮೂತ್ರ ಬಾಚಿದ್ದು ಯಾರ ಸೊಸೆ? ನಿಮ್ಮ ಕ್ರಿಸ್ಮಸಿಗೆ ಕುಸ್ವಾರದ ತಟ್ಟೆ ಕಳಿಸಿದ್ದು ಯಾರು, ಪಕ್ಕದ ಮನೆಯವಳಾ?"

ಆ ತಟ್ಟೆಯ ಅಕ್ಕಿಲಾಡು, ಕರಿದ ನೆವರಿ ನಾನೂ ತಿಂದದ್ದೇ. ಚಾ ಕುಡಿದೆ.

ಪಂಪಿನವ ಆಗ ತಲೆ ಎತ್ತಿದ. "ವಿಗಾರರು ಕೆಟ್ಟವರಲ್ಲ," ಎಂದ. "ಆದರೆ ಅಲ್ಲಿ ನಿಂತು ನಾನು ‘ಆಗ್ತೇನೆ’ ಅಂದ್ರೆ, ಮೊದಲಿನದ್ದು ಆಗಿರಲಿಲ್ಲ ಅಂತ ಒಪ್ಪಿದ ಹಾಗೆ. ಅವಳ ಎದುರೇ. ಅದು ನನ್ನಿಂದ ಆಗುವುದಿಲ್ಲ." ಪುನಃ ಮೋಟರಿಗೆ ತಲೆ ತಗ್ಗಿಸಿದ.

ಇದನ್ನು ವಿಗಾರರಿಗೆ ತಲುಪಿಸಿದೆ. "ಹಠ," ಎಂದರು. ಒಂದು ಇಡೀ ಸಂಸಾರವನ್ನು ಎರಡು ಅಕ್ಷರದಲ್ಲಿ ಮುಗಿಸಿದ್ದು ಅವರ ಸಮಯಪಾಲನೆಗೆ ತಕ್ಕದ್ದೇ ಆಗಿತ್ತು.

ಊರಹಬ್ಬ ಕಳೆಯಿತು, ಗಾಜು ಬಂತು. ಕೋಣೆ ಚೆಂದ ಉಂಟು, ಸುಳ್ಳು ಯಾಕೆ ಹೇಳಲಿ. ತಂಪು ಉಂಟು, ಮೌನ ಉಂಟು, ಕೂರಲಿಕ್ಕೆ ಮೆತ್ತೆ ಉಂಟು. ಮೊಗಸಾಲೆಯವರೆಲ್ಲ ಒಬ್ಬೊಬ್ಬರಾಗಿ ಒಳಗಿನ ಬೆಂಚುಗಳಿಗೆ ಸೇರಿಕೊಂಡರು. ಮೂರನೆಯ ಕಂಬ ಗಾಜಿನ ಆಚೆ ಈಗಲೂ ನಿಂತಿದೆ, ಅದಕ್ಕೆ ಬಿಳಿ ಪೈಂಟು ಹೊಡೆದು ಒಂದು ಹೂಕುಂಡ ಇಟ್ಟಿದ್ದಾರೆ.

ಪಂಪಿನವ ಭಾನುವಾರ ಬರುವುದನ್ನು ಬಿಟ್ಟ. ಇಗರ್ಜಿಯ ಪಂಪು ಕೆಟ್ಟಾಗ ಮಾತ್ರ ವಾರದ ದಿನ ಬಂದು, ಬಾವಿಗೆ ಇಳಿದು, ಸರಿಮಾಡಿ, ಯಾರ ಹತ್ತಿರವೂ ಮಾತಾಡದೆ ಹೋಗುತ್ತಿದ್ದ. ಹಾಗೆ ಎಷ್ಟೋ ತಿಂಗಳು ಕಳೆದ ಮೇಲೆ ಒಂದು ಭಾನುವಾರ ನನ್ನ ಗೇಟಿನಲ್ಲಿ ಅವನ ಸ್ಕೂಟರಿನ ಹಾರ್ನು ಕೇಳಿತು.

"ತೋಡಾರಿನ ಆಚೆ ಒಂದು ಇಗರ್ಜಿ ಉಂಟಂತೆ," ಎಂದ. "ಮೊಗಸಾಲೆ ತೆರೆದೇ ಉಂಟಂತೆ. ಬರ್ತೀರಾ?"

ಹೆಂಡತಿಯನ್ನು ಅಕ್ಕಪಕ್ಕದವರ ಜೊತೆ ನಮ್ಮ ಇಗರ್ಜಿಗೆ ಕಳಿಸಿ, ಕೊಡೆ ಹಿಡಿದು ಹಿಂದೆ ಹತ್ತಿದೆ. ಅಲ್ಲಿಯ ಮೊಗಸಾಲೆಯವರು ನಮ್ಮನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಯಾವ ಊರು, ಯಾವ ವಾಳೆ, ಅಲ್ಲಿ ಬಿಟ್ಟು ಇಲ್ಲಿ ಯಾಕೆ ಎಂದು ಪ್ರವಚನದುದ್ದಕ್ಕೂ ವಿಚಾರಿಸಿದರು. ಕಂಬಗಳೆಲ್ಲ ಹಿಡಿದಾಗಿತ್ತು. ನಮಗೆ ಸಿಕ್ಕಿದ್ದು ಮಾಡಿನ ನೀರು ಬೀಳುವ ಅಂಚು. ಪರಮಪ್ರಸಾದದ ಹೊತ್ತಿಗೆ ಎಲ್ಲರೂ ಬಸ್ಸಿಗೆ ನುಗ್ಗಿದ ಹಾಗೆ ನುಗ್ಗಿದರು. ನಾನೂ ನುಗ್ಗಿದೆ. ತಿರುಗಿ ಬರುವಾಗ ಪಂಪಿನವ ಕಣ್ಣು ಮುಚ್ಚಿ ನಿಂತಿದ್ದ, ಒಂದು ಭುಜ ಒದ್ದೆಯಾಗಿತ್ತು. ಯಾರೂ ಅವನನ್ನು ನೋಡುತ್ತಿರಲಿಲ್ಲ.

ಮೊನ್ನೆ ಮೂಡುಬಿದಿರೆಯ ಒಂದು ಮದುವೆ ಹಾಲಿನಲ್ಲಿ ವಿಗಾರರು ಸಿಕ್ಕಿದರು. ಊಟದ ಮೇಜಿನಲ್ಲಿ ಎದುರೇ ಬಂದು ಕೂತರು.

"ಬೇರೆ ಇಗರ್ಜಿಗೆ ಹೋಗ್ತೀರಂತೆ," ಎಂದರು. "ಹೆಸರು ಇನ್ನೂ ನಮ್ಮಲ್ಲೇ ಉಂಟು. ಸತ್ತರೆ ನಮ್ಮಲ್ಲಿಗೇ ತರಬೇಕು, ನೆನಪಿರಲಿ."

"ತರಲಿ ಫಾದರ್. ಆವತ್ತು ಖಂಡಿತ ಒಳಗೆ ಬರ್ತೇನೆ. ನಡೆದುಕೊಂಡು ಬರುವುದಿಲ್ಲ, ಅಷ್ಟೆ."

ಅವರು ನಗಲಿಲ್ಲ. ನಾನು ಕೇಳಿದೆ: "ಮತ್ತೆ ಪಂಪಿನವನನ್ನು? ಅವ ಸತ್ತರೆ ಎಲ್ಲಿಗೆ ತರುವುದು?"

ವಿಗಾರರು ತಟ್ಟೆಯಲ್ಲಿದ್ದ ಎಲುಬನ್ನು ಒಂದು ಬದಿಗೆ ಸರಿಸಿದರು. "ಅದು ನೋಡುವ," ಎಂದರು.

ನಾನು ಸರಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವ. ಅಲ್ಲಿ ಮೇಜಿನ ಈಚೆ ಕೂತು ಎಷ್ಟೋ ಜನರಿಗೆ ‘ನೋಡುವ’ ಎಂದು ಹೇಳಿ ಕಳಿಸಿದ್ದೇನೆ. ಅದರ ಅರ್ಥ ನನಗೆ ಯಾರೂ ವಿವರಿಸಬೇಕಾಗಿಲ್ಲ. ಎದ್ದು ಕೈ ತೊಳೆದುಕೊಂಡೆ.

ಆ ಭಾನುವಾರ ಸ್ಕೂಟರಿನ ಹಿಂದೆ ಕೂತಿದ್ದಾಗ ಪಂಪಿನವ ತಲೆ ತಿರುಗಿಸದೆ ಕೇಳಿದ: "ಮದುವೆಯಲ್ಲಿ ವಿಗಾರರು ಸಿಕ್ಕಿದ್ದರಂತೆ. ನನ್ನದು ಎಂತಾದರೂ ಕೇಳಿದರಾ?"

"ಕೇಳಿದರು," ಎಂದೆ. "ಪಂಪು ಸರಿ ಉಂಟಂತೆ."

"ಸರಿ ಇಲ್ಲದೆ ಎಂತ," ಎಂದು ಅವ ತೋಡಾರಿನ ಏರಿಗೆ ಗೇರು ಬದಲಾಯಿಸಿದ.